ಒಂದು ಮೆಟ್ಟಿಲೂ ಇರಬಾರದು

ಅಹಮದಾಬಾದಿನ ಮಣಿನಗರ ಸ್ಟೇಷನ್ನಿನ ಎದುರು ಬೀದಿಯಲ್ಲಿ ರಾಮಚಂದ್ರನ ಹೋಟೆಲು ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದರೆ ರಾತ್ರಿ ಹತ್ತಕ್ಕೇ ಮುಚ್ಚುವುದು. ವರ್ಷದಲ್ಲಿ ರಜೆ ಅಂತ ಇದ್ದರೆ ದೀಪಾವಳಿಯಿಂದ ಲಾಭಪಂಚಮಿಯವರೆಗಿನ ನಾಲ್ಕೈದು ದಿನ ಮಾತ್ರ. ಆಗ ಊರಿಗೆ ಊರೇ ಅಂಗಡಿ ಮುಚ್ಚಿ ಎಲ್ಲೆಲ್ಲಿಗೋ ಹೊರಟಿರುತ್ತದೆ, ಇವನೊಬ್ಬ ತೆರೆದು ಕೂತು ಯಾರಿಗೆ ಬಡಿಸಬೇಕು? ಭೂಕಂಪವಾದ ಮೇಲಿನ ಮೂರನೆಯ ದೀಪಾವಳಿ ಹತ್ತಿರ ಬಂದಾಗ, ಈ ಸಲ ಮಗಳನ್ನು ಸೂರತ್ತಿನ ಮನರಂಜನಾ ಪಾರ್ಕಿಗೆ ಕರೆದುಕೊಂಡು ಹೋಗಿಯೇ ತೀರುವುದು ಎಂದು ಅವನು ತೀರ್ಮಾನ ಮಾಡಿದ.

ಮಗಳು ನಮಿತಾ. ಭೂಕಂಪದ ದಿನ ಹಳೆಯ ಮನೆಯ ಮೆಟ್ಟಿಲು ಕುಸಿದು ಅವಳ ಬೆನ್ನು ಮುರಿದಾಗ ಹದಿನಾರು ವರ್ಷ. ಆಸ್ಪತ್ರೆಯಲ್ಲಿ, ಇನ್ನು ಕಾಲಿಗೆ ಬಲ ಬರುವುದಿಲ್ಲ ಎಂದು ಡಾಕ್ಟರು ಹೇಳಿದ ಸಂಜೆ, ರಾಮಚಂದ್ರನಿಗೆ ಏನು ಹೇಳಬೇಕೋ ತೋಚದೆ, "ಪಾರ್ಕಿಗೆ ಹೋಗುವ ಮಗಾ, ಆ ದೊಡ್ಡ ಚಕ್ರದಲ್ಲಿ ಕೂರಿಸ್ತೇನೆ" ಅಂದಿದ್ದ. ಸಣ್ಣವಳಿದ್ದಾಗಿನಿಂದ ಅವಳು ಕೇಳುತ್ತಿದ್ದದ್ದು ಅದೊಂದೇ. ಆಡಿದ ಮಾತು ಮೂರು ವರ್ಷದಿಂದ ಅವನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಈಗ ಹತ್ತೊಂಬತ್ತರ ಹುಡುಗಿ, ಬಿ.ಕಾಂ. ಓದುತ್ತಾಳೆ. ಹುಟ್ಟಿದ್ದು ಬೆಳೆದದ್ದು ಇಲ್ಲೇ ಆದ್ದರಿಂದ ಅವಳ ಕನ್ನಡದ ನಡುವೆ ಹಿಂದಿ ಬೇಡವೆಂದರೂ ನುಗ್ಗುತ್ತದೆ. ಅಪ್ಪ ಯೋಜನೆ ಹೇಳಿದಾಗ ಪುಸ್ತಕದಿಂದ ತಲೆ ಎತ್ತದೆ ಕೇಳಿಸಿಕೊಂಡಳು.

"ಬರ್ತೀನಿ ಪಪ್ಪಾ. ಆದ್ರೆ ಶರ್ತ್ ಇದೆ. ಇಲ್ಲಿಂದ ಆ ಚಕ್ರದ ತನಕ ರಸ್ತೇಲಿ ಒಂದು ಮೆಟ್ಟಿಲೂ ಇರಬಾರದು. ಏಕ್ ಭೀ ನಹೀ."

"ಒಂದೆರಡು ಇದ್ರೆ ಎಂತ ಆಯ್ತು? ನಾನಿಲ್ವಾ ಎತ್ತಲಿಕ್ಕೆ?"

"ಅದೇ ಬೇಡ ಅಂದಿದ್ದು. ಒಂದು ಇದ್ರೂ ನಾನು ಮನೇಲೇ ಇರ್ತೀನಿ."

ರಾಮಚಂದ್ರನ ಕೋಪ ಮೂಗಿನ ತುದಿಯಲ್ಲೇ ಇರುವುದು. ಆದರೂ ಅವಳ ಮುಂದೆ ನುಂಗಿಕೊಂಡ. "ಒಂದೂ ಇಲ್ಲ ಅಂತ ಮಾಡಿ ತೋರಿಸ್ತೇನೆ. ಆಗ ಮಾತು ತಪ್ಪಿಸ್ಬಾರ್ದು" ಅಂದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ, "ನೀವೂ ತಪ್ಪಿಸಬಾರದು" ಅಂದಳು. ಆ ನೋಟದಲ್ಲಿ ಏನಿತ್ತೆಂದು ಅವನು ಆಗ ಯೋಚಿಸಲಿಲ್ಲ.

ಮದುವೆಯ ಅಡುಗೆ ಒಪ್ಪಿಕೊಂಡರೆ ಮೊದಲು ಜಾಗ ನೋಡಲು ಹೋಗುವುದು ಇವರ ಕಸುಬಿನ ಕ್ರಮ. ನೀರು ಎಲ್ಲಿ, ಒಲೆ ಎಲ್ಲಿ, ಉಗ್ರಾಣದಿಂದ ಪಂಕ್ತಿಗೆ ಎಷ್ಟು ದೂರ, ಎಲ್ಲ ನೋಡಿಯೇ ಮುಂಗಡ ಹಿಡಿಯುವುದು. ರಾಮಚಂದ್ರ ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟು ಕುಂದಾಪುರದ ಕಡೆಯಿಂದ ವಡೋದರಾಕ್ಕೆ ಬಂದಾಗ ಅವನಿಗೆ ಸೌಟು ಹಿಡಿಯಲು ಕಲಿಸಿದ ಕೇಶವಣ್ಣ ಹೇಳುತ್ತಿದ್ದರು: "ಬರೀ ಕಣ್ಣಲ್ಲಿ ನೋಡಿದ್ರೆ ಎಂತದೂ ಗೊತ್ತಾಗುದಿಲ್ಲ ಮಾರಾಯ. ಸಾರು ತುಂಬಿದ ಕೊಪ್ಪರಿಗೆ ಹಿಡ್ಕೊಂಡು ಒಂದ್ಸಲ ನಡಿ. ಎಲ್ಲಿ ಕಾಲು ಎಡವ್ತದೆ ಅಂತ ಕೊಪ್ಪರಿಗೆಯೇ ಹೇಳ್ತದೆ." ಆ ಪಾಠವನ್ನು ರಾಮಚಂದ್ರ ಈಗ ಮಗಳ ಪ್ರವಾಸಕ್ಕೆ ಹಚ್ಚಿದ. ಮನೆಯ ಹಿಂದೆ ಬಿದ್ದಿದ್ದ ಅವಳ ಹಳೆಯ ಗಾಲಿಕುರ್ಚಿಯನ್ನು ತೊಳೆದು, ಚಕ್ರಕ್ಕೆ ಎಣ್ಣೆ ಬಿಟ್ಟು, ಅದರ ಅಗಲಕ್ಕೆ ಸರಿಯಾಗಿ ಒಂದು ಹುರಿಗೆ ಎರಡು ಗಂಟು ಹಾಕಿ ಜೇಬಿಗಿಟ್ಟುಕೊಂಡ. ಯಾವ ಬಾಗಿಲೇ ಆಗಲಿ, ಎರಡು ಗಂಟಿನ ನಡುವಿನಷ್ಟು ಅಗಲ ಇರಲೇಬೇಕು.

ದೀಪಾವಳಿಗೆ ಎಂಟು ದಿನ ಇರುವಾಗ ಹೊರಟ. ಊರು ಬಿಡುವ ಮುಂಚೆ ಹೋಟೆಲಿನೊಳಗೆ ಹೋಗಿ, ಗಲ್ಲಾದ ಮೇಲಿನ ದೇವರ ಪಟಕ್ಕೆ ಕೈಮುಗಿದು, ಒಂದು ಚಮಚ ಶೀರಾ ಬಾಯಿಗೆ ಹಾಕಿಕೊಂಡು ಹೊರಡುವುದು ಅವರ ಮನೆಯ ಪದ್ಧತಿ. ಊರಿಗೆ ಹೋಗುವುದಿರಲಿ, ಆಸ್ಪತ್ರೆಗೆ ಹೋಗುವುದಿರಲಿ, ಅದು ತಪ್ಪುವಂತಿಲ್ಲ. ಅವನು ಕೈಮುಗಿದು, ಶೀರಾ ತಿಂದು, ಮಡಚಿದ ಕುರ್ಚಿಯನ್ನು ಹೆಗಲಿಗೇರಿಸಿಕೊಂಡು ದಡದಡನೆ ಇಳಿದು ಸ್ಟೇಷನ್ನಿಗೆ ನಡೆದ. ಪ್ರವಾಸದ ದಿನ ಎಲ್ಲರೂ ಮನೆಯಿಂದಲೇ ವ್ಯಾನಿನಲ್ಲಿ ಹೋಗುವುದು, ವಡೋದರಾವರೆಗೆ ಇಳಿಯುವ ಪ್ರಶ್ನೆಯೇ ಇಲ್ಲ. ಹಾಗಾಗಿ ಅಲ್ಲಿಯವರೆಗೆ ರೈಲಿನಲ್ಲಿ ಹೋದರೂ ನಡೆಯುತ್ತದೆ ಎಂಬುದು ಅವನ ಲೆಕ್ಕ.

ಹೆಂಡತಿ ಪಾರ್ವತಿಯ ತಮ್ಮ ಶರತ್ ವಡೋದರಾ ಹತ್ತಿರದ ಕೊಯಾಲಿಯಲ್ಲಿ ರಿಫೈನರಿಯ ಕೆಲಸದಲ್ಲಿದ್ದಾನೆ. ಸ್ವಂತದ್ದೊಂದು ಮಾರುತಿ ವ್ಯಾನಿದೆ. ಅವನು ಸ್ಟೇಷನ್ನಿಗೆ ಬರುವುದು ತಡವಾಯಿತು. ಕಾಯುತ್ತ ನಿಲ್ಲುವ ಬದಲು ರಾಮಚಂದ್ರ ಪ್ಲಾಟ್‌ಫಾರ್ಮಿನ ಮೇಲೆಯೇ ಕುರ್ಚಿ ಬಿಡಿಸಿ ಕೂತ. ಇವತ್ತು ಸಂಜೆಯವರೆಗೆ ಇದರಿಂದ ಏಳುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಕೂತು ಐದು ನಿಮಿಷವಾಗಿರಲಿಲ್ಲ, ಬಿಳಿ ಸೀರೆಯ ಒಬ್ಬ ಮುದುಕಿ ಹತ್ತಿರ ಬಂದು, ಅವನ ತೊಡೆಯ ಮೇಲೆ ಎರಡು ಬಾಳೆಹಣ್ಣು ಇಟ್ಟು, ತಲೆ ಮುಟ್ಟಿ ಹೊರಟುಹೋದಳು.

ರಾಮಚಂದ್ರ ಆ ಬಾಳೆಹಣ್ಣನ್ನೇ ನೋಡುತ್ತ ಕೂತ. ದಿನಕ್ಕೆ ಐನೂರು ಜನರಿಗೆ ಉಣಬಡಿಸುವವನು ಅವನು. ಹೊಸ ಅಂಗಿ ಹಾಕಿದ್ದ, ಕೈಗೆ ವಾಚು ಕಟ್ಟಿದ್ದ. ಕರೆದು ಹಿಂದಕ್ಕೆ ಕೊಡೋಣವೆಂದರೆ ಅವಳು ಆಗಲೇ ಜನರ ನಡುವೆ ಮರೆಯಾಗಿದ್ದಳು. ಶರತ್ ಬಂದಾಗಲೂ ಹಣ್ಣು ತೊಡೆಯ ಮೇಲೆಯೇ ಇತ್ತು.

"ಎಂತ ಭಾವ ಇದು ಅವತಾರ? ಏಳಿ, ಜನ ನೋಡ್ತಿದ್ದಾರೆ."

"ನೋಡ್ಲಿ. ನೀನು ನೂಕು."

"ಪರಿಚಯದವರು ಯಾರಾದ್ರೂ ಸಿಕ್ಕಿದ್ರೆ ನಾನು ಎಂತ ಹೇಳುದು?"

"ನನ್ನ ಮಗಳಿಗೆ ಪರಿಚಯದವರು ಇಲ್ವಾ?" ಎಂದು ರಾಮಚಂದ್ರ ರೇಗಿದ. ಶರತ್ ನೂಕಿದ.

ಮೊದಲ ರಾತ್ರಿ ಉಳಿಯುವುದು ಕೊಯಾಲಿಯ ಶರತ್‌ನ ಕ್ವಾರ್ಟರ್ಸಿನಲ್ಲಿ ಎಂದು ಲೆಕ್ಕ. ಹುರಿ ಹಿಡಿದು ನೋಡಿದರೆ ಬಚ್ಚಲಿನ ಬಾಗಿಲು ಗಂಟಿಗಿಂತ ಬೆರಳಗಲ ಕಡಿಮೆ ಬಂತು. "ಬಾಗಿಲು ಕಿತ್ತು ಪರದೆ ಹಾಕು" ಎಂದು ರಾಮಚಂದ್ರ ಅಪ್ಪಣೆ ಕೊಟ್ಟ. ಶರತ್ ತಲೆ ಕೆರೆದುಕೊಂಡು ಒಪ್ಪಿದ. ಅಲ್ಲಿಂದ ವ್ಯಾನಿನಲ್ಲಿ ಸೂರತ್ ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಪ್ರವಾಸದ ದಿನ ಊಟಕ್ಕೆ ಎಂದು ಮೊದಲೇ ವಿಚಾರಿಸಿಟ್ಟಿದ್ದ ಹೋಟೆಲು ರಸ್ತೆಯ ಮಟ್ಟಕ್ಕೇ ಇತ್ತು, ಬಾಗಿಲೂ ಅಗಲ. ರಾಮಚಂದ್ರನಿಗೆ ಸಮಾಧಾನವಾಯಿತು. ಮೇಜಿನ ಬಳಿ ಒಂದು ಕುರ್ಚಿ ಸರಿಸಿ ಅವನ ಗಾಲಿಕುರ್ಚಿಯನ್ನು ನಿಲ್ಲಿಸಿದರು. ಸಪ್ಲೈಯರ್ ಬಂದು ನೀರಿಟ್ಟ. ಒಂದೇ ಲೋಟ, ಶರತ್‌ನ ಮುಂದೆ.

"ಇವರಿಗೆ ಏನು ಕೊಡೋದು?" ಎಂದು ಹಿಂದಿಯಲ್ಲಿ ಶರತ್‌ನನ್ನು ಕೇಳಿದ.

ರಾಮಚಂದ್ರ, "ನಾನಿಲ್ಲೇ ಇದ್ದೇನೆ, ನನ್ನ ಕೇಳು" ಅಂದ. ಸಪ್ಲೈಯರ್ ಮಗುವಿನ ಮಾತಿಗೆ ನಗುವಂತೆ ನಕ್ಕು, ಮತ್ತೆ ಶರತ್‌ನ ಕಡೆಗೇ ತಿರುಗಿ, "ಖಾರ ಆಗುತ್ತಾ ಇವರಿಗೆ? ಮೊಸರನ್ನ ಮೆತ್ತಗೆ ಮಾಡಿಸಿ ತರಲೇ?" ಅಂದ.

ಇಪ್ಪತ್ತೆರಡು ವರ್ಷ ಹೋಟೆಲು ನಡೆಸಿದವನ ತಲೆಯ ಮೇಲಿಂದ ಆ ಮಾತು ಹಾರಿಹೋಯಿತು. ರಾಮಚಂದ್ರ ಏಳುವುದಿಲ್ಲ ಎಂದು ಹೇಳಿಕೊಂಡಿದ್ದೆಲ್ಲ ಮರೆತು ಕುರ್ಚಿಯಿಂದ ಧಡಕ್ಕನೆ ಎದ್ದು ನಿಂತು, "ಬಾಯಿ ಸತ್ತಿದೆಯೇನೋ ನನ್ನದು?" ಎಂದು ಗದರಿದ. ಸಪ್ಲೈಯರ್ ಕೈಯ ತಟ್ಟೆ ನೆಲಕ್ಕೆ ಬಿತ್ತು. ಪಕ್ಕದ ಮೇಜಿನ ಹೆಂಗಸು ಎದ್ದು ಕೈಮುಗಿದಳು. ಯಾವ ದೇವರ ಪವಾಡವೆಂದು ತಿಳಿದಳೋ ಏನೋ. ಶರತ್ ಭಾವನ ಅಂಗಿ ಹಿಡಿದೆಳೆದು ಕೂರಿಸಿ, "ಎಬ್ಬಿಸಬೇಡಿ ಮಾರಾಯ್ರೆ ಜನರನ್ನ, ಕೂತ್ಕೊಳ್ಳಿ" ಎಂದು ಪಿಸುಗುಟ್ಟಿದ.

ಕೂತ ಮೇಲೆ ರಾಮಚಂದ್ರನಿಗೆ ಊಟ ಸೇರಲಿಲ್ಲ. ಎದ್ದು ನಿಲ್ಲಲು ಕಾಲಿದ್ದದ್ದಕ್ಕೆ ಅವನ ಮಾತು ನಡೆಯಿತು. ಇಲ್ಲದವಳು ಮೂರು ವರ್ಷದಿಂದ ಏನು ಮಾಡುತ್ತಿದ್ದಾಳೆ? ಈ ಪ್ರಶ್ನೆ ಇಷ್ಟು ದಿನ ತನಗೆ ಏಕೆ ಹೊಳೆಯಲಿಲ್ಲ ಎಂಬುದೇ ಅವನಿಗೆ ದಿಗಿಲಾಯಿತು.

ಪಾರ್ಕ್ ಇರುವುದು ಸಚಿನ್ ಎಂಬ ಊರು ದಾಟಿ ಸ್ವಲ್ಪ ಮುಂದೆ. ಕಾರ್ಖಾನೆಗಳ ಘಾಟು ಮೂಗಿನಿಂದ ಬಿಡುವ ಹೊತ್ತಿಗೆ ದೊಡ್ಡ ಚಕ್ರ ಕಂಡಿತು. ಅಲ್ಲಿ ನಾಲ್ಕು ಮೆಟ್ಟಿಲಿವೆ ಎಂದು ಹೋಗಿ ಬಂದವರು ಹೇಳಿದ್ದರು. ಹಲಗೆ ಹಾಕಿಸಲು ಯಾರ ಕೈಕಾಲು ಹಿಡಿಯಬೇಕು ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ. ಆದರೆ ಶರತ್ ನೂಕಿದ ಹಾಗೆ ಕುರ್ಚಿ ಗೇಟು ದಾಟಿ, ಟಿಕೆಟ್ ಕಿಂಡಿ ದಾಟಿ, ಒಂದು ಉದ್ದನೆಯ ಇಳಿಜಾರನ್ನು ಸರಾಗವಾಗಿ ಏರಿ ಚಕ್ರದ ಬುಡಕ್ಕೇ ಬಂದು ನಿಂತಿತು. ಎಲ್ಲೂ ಕುಲುಕಲಿಲ್ಲ. ರಾಮಚಂದ್ರ ಹಿಂತಿರುಗಿ ನೋಡಿದ. ಮೆಟ್ಟಿಲು ಇರಲಿಲ್ಲ. ಚಕ್ರದ ಒಂದು ತೊಟ್ಟಿಲಿನ ಬೆಂಚು ಬಿಚ್ಚಿ, ಕುರ್ಚಿಯೇ ಒಳಗೆ ಹೋಗುವಷ್ಟು ಬಾಗಿಲನ್ನು ಅಗಲ ಮಾಡಿದ್ದರು. ಹುರಿ ಹಿಡಿದ. ಗಂಟಿಗಿಂತ ಮೂರು ಬೆರಳು ಜಾಸ್ತಿಯೇ ಇತ್ತು.

ಅವನು ಹುರಿ ಹಿಡಿದು ಅಳೆಯುವುದನ್ನು ಕಂಡು ಮ್ಯಾನೇಜರ್ ಬಂದ. ಯೋಗೇಶ್‌ಭಾಯ್ ಎಂದು ಹೆಸರು, ಮಾತುಗಾರ ಮನುಷ್ಯ.

"ಈ ಇಳಿಜಾರು ಯಾವಾಗ ಮಾಡಿಸಿದ್ದು?" ಎಂದು ರಾಮಚಂದ್ರ ಕೇಳಿದ.

"ಹೋದ ಬೇಸಿಗೆಯಲ್ಲಿ. ಅಹಮದಾಬಾದಿನ ಒಬ್ಬ ಹುಡುಗಿ ಮಾಡಿಸಿದಳು ಅನ್ನಿ. ಮೊದಲು ಒಂದು ಕಾಗದ ಬರೆದಳು, ಗಾಲಿಕುರ್ಚಿ ಬರುತ್ತದೆಯೇ ಅಂತ. ನಾಲ್ಕೇ ಮೆಟ್ಟಿಲು, ನಮ್ಮ ಜನ ಎತ್ತುತ್ತಾರೆ, ಬಾ ಅಂತ ನಾನು ಉತ್ತರ ಬರೆದೆ. ಅದಕ್ಕೆ ಅವಳು ಬರೆದ ಕಾಗದವನ್ನು ನಮ್ಮ ಶೇಠರು ಎರಡೆರಡು ಸಲ ಓದಿಸಿಕೊಂಡರು. ಮಾರನೇ ದಿನ ಗಾರೆಯವರನ್ನು ಕರೆಸಿದರು. ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದದ ಇಳಿಜಾರು ಬೇಕು ಅಂತ ಲೆಕ್ಕವನ್ನೂ ಅವಳೇ ಬರೆದಿದ್ದಳು."

ಅವನು ಆಫೀಸಿನೊಳಗಿನಿಂದ ಒಂದು ಕಾಗದ ತಂದ. ಇಂಗ್ಲಿಷಿನಲ್ಲಿತ್ತು. ರಾಮಚಂದ್ರನಿಗೆ ಇಂಗ್ಲಿಷ್ ಬಾರದು ಎಂದು ತಿಳಿದು ಹಿಂದಿ ಮಾಡಿ ಓದತೊಡಗಿದ.

"ನಾಲ್ಕೇ ಮೆಟ್ಟಿಲು ಎಂದು ಬರೆದಿದ್ದೀರಿ. ನನಗೆ ನಾಲ್ಕು ಮೆಟ್ಟಿಲು ಚೆನ್ನಾಗಿ ಗೊತ್ತು. ನನ್ನ ತಂದೆಯ ಹೋಟೆಲಿಗೆ ನಾಲ್ಕು ಮೆಟ್ಟಿಲು. ಮಳೆಗಾಲದಲ್ಲಿ ನೀರು ನುಗ್ಗಬಾರದೆಂದು ಎತ್ತರಿಸಿ ಕಟ್ಟಿದ್ದಾರೆ. ಸಣ್ಣವಳಿದ್ದಾಗ ನಾನು ಅಲ್ಲಿ ಗಲ್ಲಾದ ಮೇಲೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದೆ. ಈಗ ಎರಡು ವರ್ಷದಿಂದ ಒಳಗೆ ಹೋಗಿಲ್ಲ. ನಾನು ಹೋದರೆ ಆಟೋ ಬಾಗಿಲಲ್ಲಿ ನಿಲ್ಲುತ್ತದೆ, ದೋಸೆ ಆಟೋಕ್ಕೆ ಬರುತ್ತದೆ. ನಿಂತ ರೈಲಿನ ಕಿಟಕಿಗೆ ಚಹಾ ಕೊಡುವ ಹಾಗೆ. ನನ್ನನ್ನು ರಾಣಿಯ ಹಾಗೆ ನೋಡಿಕೊಳ್ಳುತ್ತಿದ್ದೇನೆ ಎಂದು ತಂದೆಗೆ ಸಂತೋಷ. ಅವರಿಗೆ ಬೇಸರವಾಗಬಾರದೆಂದು ನಾನು ಏನೂ ಹೇಳುವುದಿಲ್ಲ. ಅವರೇ ನನ್ನನ್ನು ಎತ್ತಬಲ್ಲರು. ಆದರೆ ಎತ್ತಿದ ರಾತ್ರಿ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಆದ್ದರಿಂದ ನನ್ನನ್ನು ಎತ್ತಲು ಯಾರನ್ನೂ ಕಳಿಸಬೇಡಿ. ಆಗುವುದಾದರೆ ಮೆಟ್ಟಿಲು ತೆಗೆಯಿರಿ."

ಯೋಗೇಶ್‌ಭಾಯ್ ಕಾಗದ ಮಡಚಿದ.

"ಹುಡುಗಿಯ ಹೆಸರು?" ಎಂದು ರಾಮಚಂದ್ರ ಕೇಳಿದ. ಗೊತ್ತಿದ್ದೂ ಕೇಳಿದ. ಬೇರೆ ಯಾರದ್ದಾದರೂ ಹೆಸರು ಬರಲಿ ಎಂದು ಕೇಳಿದ.

"ನಮಿತಾ ಆರ್. ಎಲ್ಲ ತಯಾರಾಗಿದೆ, ಮೊದಲ ಸುತ್ತು ನಿನ್ನದೇ, ಬಾ ಅಂತ ಬರೆದೆವು. ಇನ್ನೂ ಬಂದಿಲ್ಲ. ಅದಕ್ಕಿಂತ ಮೊದಲು ಒಂದು ಜಾಗ ಬಾಕಿ ಇದೆ, ಅದು ಆದ ಮೇಲೆ ತಂದೆಯ ಜೊತೆಗೇ ಬರುತ್ತೇನೆ ಅಂತ ಬರೆದಳು. ಯಾವ ಜಾಗವೋ ನಮಗೆ ಅರ್ಥವಾಗಲಿಲ್ಲ."

ರಾಮಚಂದ್ರನಿಗೆ ಅರ್ಥವಾಯಿತು. ಮುಖಕ್ಕೆ ಯಾರೋ ಕುದಿಯುವ ಅನ್ನದ ಗಂಜಿ ಎರಚಿದ ಹಾಗಾಯಿತು. ತಾನೇ ಆ ಹುಡುಗಿಯ ತಂದೆ ಎಂದು ಹೇಳದೆ ಕುರ್ಚಿ ತಿರುಗಿಸಿಕೊಂಡ. "ಮನೆಗೆ ನಡಿ" ಎಂದು ಶರತ್‌ಗೆ ಹೇಳಿದ. ಶರತ್, "ಚಕ್ರದಲ್ಲಿ ಒಂದು ಸುತ್ತು ಪರೀಕ್ಷೆ ಮಾಡುದಿಲ್ವಾ ಭಾವ?" ಎಂದದ್ದು ಅವನ ಕಿವಿಗೆ ಬೀಳಲಿಲ್ಲ.

ವ್ಯಾನು ವಡೋದರಾ ಮುಟ್ಟಿತು. ಆಗ ರಾಮಚಂದ್ರ ಒಮ್ಮೆಗೇ, "ನಿನಗೆ ಗೊತ್ತಿತ್ತಾ?" ಎಂದು ಕೇಳಿದ.

"ಕಾಗದ ಬರೆದದ್ದು ಗೊತ್ತಿರ್ಲಿಲ್ಲ. ಅವಳು ಹೋಟೆಲಿನೊಳಗೆ ಬರುದಿಲ್ಲ ಅನ್ನುದು ಗೊತ್ತಿತ್ತು ಭಾವ. ಎಲ್ಲರಿಗೂ ಗೊತ್ತುಂಟು."

"ಹೇಳ್ಲಿಕ್ಕೆ ಎಂತ ಆಗಿತ್ತು?"

"ನಿಮಗೆ ಹೇಳುದಾ? ಸಾಂಬಾರಿಗೆ ಉಪ್ಪು ಜಾಸ್ತಿ ಅಂದವನಿಗೇ ನೀವು ಬಾಗಿಲು ತೋರಿಸಿದವರು."

ರಾಮಚಂದ್ರ ಸಿಟ್ಟು ಮಾಡಲು ಬಾಯಿ ತೆರೆದ. ಸಿಟ್ಟು ಬರಲಿಲ್ಲ. ಹಾಗಾದದ್ದು ಅವನ ಜೀವಮಾನದಲ್ಲಿ ಅದೇ ಮೊದಲು.

ಬೆಳಿಗ್ಗೆ ಪಾರ್ವತಿ ಕಾಫಿ ತಂದಾಗ ಅವಳನ್ನೂ ಕೇಳಿದ. ಅವಳು ತಪ್ಪಿಸಿಕೊಳ್ಳಲಿಲ್ಲ. "ಕಾಗದ ಪೋಸ್ಟಿಗೆ ಹಾಕಿದ್ದು ನಾನೇ. ಈ ದೀಪಾವಳಿಗಾದ್ರೂ ನಿಮಗೆ ಹೊಳೀತದಾ ನೋಡುವ ಅಂತ ಅವಳು ಕಾಯ್ತಿದ್ದಾಳೆ. ಹೊರಡುವ ಮುಂಚೆ ಹೋಟೆಲಿನೊಳಗೆ ಹೋಗಿ ಕೈಮುಗೀಬೇಕು ಅನ್ನುವವರು ನೀವು. ಅವಳಿಗೆ ಆರತಿಯನ್ನೂ ಶೀರಾವನ್ನೂ ಆಟೋಕ್ಕೆ ಕಳಿಸುವವರೂ ನೀವು. ಒಂದು ಮೆಟ್ಟಿಲೂ ಇರಬಾರದು ಅಂದಾಗ ಅವಳು ಸೂರತ್ತಿನದ್ದು ಹೇಳಿದ್ದಾ?"

ರಾಮಚಂದ್ರ ಕಾಫಿ ಮುಟ್ಟದೆ ಎದ್ದು ಹೋಟೆಲಿಗೆ ಹೋದ. ಗಿರಾಕಿಗಳು ಹತ್ತಿ ಇಳಿಯುತ್ತಿದ್ದರು. ಅವನು ಜೇಬಿನಿಂದ ಹುರಿ ತೆಗೆದು ಸ್ವಂತ ಹೋಟೆಲಿನ ಬಾಗಿಲಿಗೆ ಹಿಡಿದ. ಬಾಗಿಲು ಸಾಕಷ್ಟು ಅಗಲವಿತ್ತು. ಕೊಯಾಲಿಯ ಬಚ್ಚಲು ಅಳೆದವನು, ಸೂರತ್ತಿನ ತೊಟ್ಟಿಲು ಅಳೆದವನು, ದಿನಕ್ಕೆ ನೂರು ಸಲ ದಾಟುವ ಈ ಬಾಗಿಲಿಗೆ ಹುರಿ ಹಿಡಿದದ್ದು ಇದೇ ಮೊದಲು. ಆಮೇಲೆ ಮೆಟ್ಟಿಲ ಎತ್ತರ ಅಳೆದ. ಆರು ಅಂಗುಲದ ನಾಲ್ಕು, ಒಟ್ಟು ಇಪ್ಪತ್ತನಾಲ್ಕು ಅಂಗುಲ. ಮಗಳ ಲೆಕ್ಕದ ಪ್ರಕಾರ ಇಪ್ಪತ್ತನಾಲ್ಕು ಅಡಿಯ ಇಳಿಜಾರು ಬೇಕು. ಬಾಗಿಲಿನಿಂದ ರಸ್ತೆಗೆ ಇದ್ದದ್ದು ಎಂಟು ಅಡಿ.

ಉಳಿದದ್ದು ಒಳಗಿನಿಂದಲೇ ಬರಬೇಕು. ಗೋಡೆಯ ಪಕ್ಕದ ಮೂರು ಮೇಜು ಹೋಗಬೇಕು, ನೆಲ ಅಗೆಯಬೇಕು. ಮತ್ತೆ ನೋಡಿದರೆ ದಾರಿ ತಿರುಗುವ ಸರಿಯಾದ ಜಾಗದಲ್ಲಿ ಇದ್ದದ್ದು ಗಲ್ಲಾ. ಇಪ್ಪತ್ತೆರಡು ವರ್ಷ ಅವನು ಕೂತ ಜಾಗ. ಅಲ್ಲಿ ಕೂತೇ ಅವನು ಆಟೋಕ್ಕೆ ದೋಸೆ ಕಳಿಸುತ್ತಿದ್ದದ್ದು.

ಹಬ್ಬದ ವಾರದ ಆ ಬೆಳಿಗ್ಗೆ ಹತ್ತು ಗಂಟೆಗೆ, ತಿಂಡಿ ತಿನ್ನುತ್ತಿದ್ದವರೆಲ್ಲ ನೋಡುತ್ತಿದ್ದಂತೆ, ರಾಮಚಂದ್ರ ಶಟರ್ ಅರ್ಧ ಇಳಿಸಿ, ಹಾರೆ ತಂದು ಮೊದಲ ಮೆಟ್ಟಿಲಿಗೆ ಹೊಡೆದ. ಪಕ್ಕದ ಬಟ್ಟೆಯಂಗಡಿಯವನು ಓಡಿ ಬಂದು, "ರಾಮ್‌ಭಾಯ್, ತಲೆ ಕೆಟ್ಟಿದೆಯಾ? ಇದು ಸೀಸನ್. ಹಬ್ಬದ ಮುಂದೆ ಹೊಸಿಲು ಒಡೆಯುತ್ತಾರೆಯೇ, ಲಕ್ಷ್ಮಿ ಬರುವುದು ಹೇಗೆ?" ಎಂದು ಹಾರೆ ಹಿಡಿದುಕೊಂಡ.

"ನಮ್ಮನೆ ಲಕ್ಷ್ಮಿ ಚಕ್ರದ ಮೇಲೆ ಬರ್ತಾಳೆ. ಕೈ ಬಿಡು" ಎಂದು ರಾಮಚಂದ್ರ ಇನ್ನೊಂದು ಏಟು ಹಾಕಿದ.

ಹಾರೆ ಹಿಡಿದ ಎರಡೇ ದಿನಕ್ಕೆ ಅವನ ಸೊಂಟ ಕೈಕೊಟ್ಟಿತು. ಆ ರಾತ್ರಿ ಎಣ್ಣೆಯ ಬಟ್ಟಲು ಹಿಡಿದು ಬಂದವಳು ಪಾರ್ವತಿಯಲ್ಲ, ನಮಿತಾ. ಉಳಿದ ಕೆಲಸ ಗಾರೆಯವರು ಮುಗಿಸಿದರು. ಸಿಮೆಂಟಿಗೆ ನೀರು ಉಣಿಸುವುದರಲ್ಲಿಯೇ ದೀಪಾವಳಿ ಕಳೆಯಿತು. ಸೂರತ್ತಿಗೆ ಹೋಗಬೇಕಾಗಿದ್ದ ದಿನ ಅವನು ಒದ್ದೆ ಗೋಣಿಚೀಲ ಮಗುಚುತ್ತ ಕೂತಿದ್ದ. ಪ್ರವಾಸ ಮುಂದಕ್ಕೆ ಹೋಯಿತು.

ಲಾಭಪಂಚಮಿಯ ಬೆಳಿಗ್ಗೆ ಬಾಗಿಲು ತೆರೆಯುವ ಮುಹೂರ್ತ. ಆಟೋ ಬಂದು ನಿಂತಿತು. ನಮಿತಾ ಸೀಟಿನಿಂದ ಗಾಲಿಕುರ್ಚಿಗೆ ಜಾರಿ ಕೂತು ಇಳಿಜಾರನ್ನು ಬುಡದಿಂದ ತುದಿಯವರೆಗೆ ನೋಡಿದಳು. ರಾಮಚಂದ್ರ ಅಭ್ಯಾಸದಂತೆ ಹಿಂದಿನ ಹಿಡಿಕೆಗೆ ಕೈ ಹಾಕಿದ.

"ಛೋಡೋ ಪಪ್ಪಾ. ನಾನೇ ಹೋಗ್ತೀನಿ."

ಅವನು ಕೈ ಬಿಟ್ಟ. ಅವಳು ಚಕ್ರ ನೂಕುತ್ತ ಏರಿದಳು, ತಿರುವಿನಲ್ಲಿ ಒಂದು ಸಲ ನಿಂತು ಉಸಿರು ತೆಗೆದುಕೊಂಡಳು, ಮತ್ತೆ ಏರಿ ಒಳಗೆ ಹೋದಳು. ಮೂಲೆಗೆ ಸರಿದಿದ್ದ ಗಲ್ಲಾದ ಮೇಲಿನ ಪಟಕ್ಕೆ ಕೈಮುಗಿದು ಒಂದು ಮೇಜಿನ ಬಳಿ ಕುರ್ಚಿ ನಿಲ್ಲಿಸಿದಳು. ಹತ್ತು ವರ್ಷದಿಂದ ಹೋಟೆಲಿನಲ್ಲಿರುವ ಸಪ್ಲೈಯರ್ ಜಯತೀರ್ಥ ನೀರಿಟ್ಟು ರಾಮಚಂದ್ರನ ಕಡೆ ತಿರುಗಿ ಕೇಳಿದ: "ನಮಿತಕ್ಕನಿಗೆ ಎಂತ ಕೊಡುದು ಧಣಿ? ಯಾವಾಗಿನ ಹಾಗೆ ಮಸಾಲೆ ದೋಸೆಯಾ?"

ಸೂರತ್ತಿನ ಆ ಸಪ್ಲೈಯರ್‌ಗೆ ಗದರಿದ ಮಾತು ರಾಮಚಂದ್ರನ ನಾಲಿಗೆಯ ತುದಿಗೆ ಬಂತು. ಬೈಯಬೇಕಾದವನು ಜಯತೀರ್ಥನಲ್ಲ ಎಂದು ಅದನ್ನು ಹಿಂದಕ್ಕೆ ನುಂಗಿದ.

"ನನ್ನ ಯಾಕೆ ಕೇಳ್ತಿ?" ಅಂದ ಮೆಲ್ಲಗೆ. "ಅವಳನ್ನು ಕೇಳು."

ಜಯತೀರ್ಥ ತಬ್ಬಿಬ್ಬಾಗಿ ಅವಳ ಕಡೆ ತಿರುಗಿದ.

"ದೋಸೆ ಬೇಡ" ಅಂದಳು ನಮಿತಾ. "ನನಗೆ ದೋಸೆ ಮೊದಲಿಂದ್ಲೂ ಅಷ್ಟು ಇಷ್ಟ ಇಲ್ಲ. ಆಟೋದಲ್ಲಿ ಸಾಂಬಾರ್ ಚೆಲ್ಲುತ್ತೆ ಅಂತ ಅದನ್ನ ತಿಂತಿದ್ದೆ."

ರಾಮಚಂದ್ರ ಪಕ್ಕದ ಬೆಂಚಿನ ಮೇಲೆ ಕೂತುಬಿಟ್ಟ. ಮೂರು ವರ್ಷ, ವಾರಕ್ಕೆ ಎರಡು, ಅತ್ಯಂತ ಗರಿಗರಿಯಾದದ್ದನ್ನು ಆರಿಸಿ ಕಳಿಸಿದ ದೋಸೆಗಳು.

"ಇಡ್ಲಿ ಕೊಡಿ ಜಯಣ್ಣ" ಎಂದು ಅವಳು ಮೇಜಿನ ಮೇಲೆ ಎರಡೂ ಮೊಣಕೈ ಊರಿದಳು. "ದೊಡ್ಡ ಬೌಲ್‌ನಲ್ಲಿ. ಪೂರ್ತಿ ಸಾಂಬಾರಿನಲ್ಲಿ ಮುಳುಗಿಸಿ."